ಬ್ರಾಂಡನ್‌ಬರ್ಗ್ ಎರಡನೇ ಕಾನ್ಸರ್ಟೊ: ಟ್ರಂಪೆಟ್ ಪಕ್ಕದಲ್ಲಿ ಕೊಳಲು ಕೇಳಿಸುವ ರೆಕಾರ್ಡಿಂಗ್ ಯಾವುದು?

ಕೊಳಲುಪ್ರಿಯ

ಎಲ್ಲರಿಗೂ ನಮಸ್ಕಾರ. ಚಿಕ್ಕಂದಿನಲ್ಲಿ ಏಳು ವರ್ಷ ಕೊಳಲು ಕಲಿತವನು ನಾನು, ಕರ್ನಾಟಕ ಸಂಗೀತ. ಪಾಶ್ಚಾತ್ಯ ಸಂಗೀತ ಕೇಳಲು ಶುರು ಮಾಡಿ ಎರಡು ವರ್ಷ ಆಯ್ತು. ಈಗ ಹಳೇ ಜರ್ಮನ್ ಸಂಗೀತಗಾರ ಬಾಖ್‌ನ ಬ್ರಾಂಡನ್‌ಬರ್ಗ್ ಕಾನ್ಸರ್ಟೊಗಳ (ಕೆಲವು ವಾದ್ಯ ಮುಂದೆ ನಿಂತು ಮೇಳದ ಜೊತೆ ನುಡಿಸುವ ಕೃತಿಗಳು) ಹುಚ್ಚು ಹಿಡಿದಿದೆ. ಆರರಲ್ಲಿ ಎರಡನೆಯದು ನನಗೆ ಎಲ್ಲಕ್ಕಿಂತ ಇಷ್ಟ. ಅದರಲ್ಲಿ ನಾಲ್ಕು ವಾದ್ಯ ಮುಂದೆ ಬರುತ್ತವೆ. ಟ್ರಂಪೆಟ್, ರೆಕಾರ್ಡರ್, ಓಬೋ (ನಮ್ಮ ಶಹನಾಯಿಯಂಥದ್ದು), ಪಿಟೀಲು. (ರೆಕಾರ್ಡರ್ ಅಂದ್ರೆ ಧ್ವನಿ ಮುದ್ರಿಸುವ ಯಂತ್ರ ಅಲ್ಲ. ತುದಿಯನ್ನು ಬಾಯಲ್ಲಿಟ್ಟು ಊದುವ ಮರದ ಕೊಳಲು.)

ತೊಂದರೆ ಏನಂದ್ರೆ, ನನ್ನ ಹತ್ತಿರ ಇರುವ ಹಳೇ ಸಿ.ಡಿ.ಯಲ್ಲಿ ಟ್ರಂಪೆಟ್ ಬಂದ ಕೂಡಲೇ ಕೊಳಲು ಮಾಯ. ಹೆಡ್‌ಫೋನ್ ಹಾಕಿ ಹುಡುಕಿದರೂ ಸಿಗಲ್ಲ. ಹೋದ ವಾರ ಗೆಳೆಯನೊಬ್ಬ ಬೇರೆ ರೆಕಾರ್ಡಿಂಗ್ ಕೇಳಿಸಿದ. ಬಾಖ್ ಕಾಲದ ವಾದ್ಯಗಳಲ್ಲೇ ನುಡಿಸಿದ್ದು ಅಂದ. ಅದರಲ್ಲಿ ಕೊಳಲು ಸ್ಪಷ್ಟವಾಗಿದೆ! ಟ್ರಂಪೆಟ್ ಜೊತೆಗೇ ಊದುತ್ತಿದ್ದರೂ ಕೇಳಿಸುತ್ತದೆ. ಆದರೆ ಇಡೀ ಕೃತಿಯ ಶ್ರುತಿ ಅರ್ಧ ಮನೆ (ಹಾರ್ಮೋನಿಯಂನಲ್ಲಿ ಪಕ್ಕದ ಒಂದು ಕೀಲಿಯಷ್ಟು) ಕೆಳಗಿದೆ. ತಂಬೂರಿ ಆ್ಯಪ್ ಹಾಕಿ ನೋಡಿದೆ. ಎಫ್ ಮೇಜರ್ ಅಂತ ಬರೆದಿದೆ, ಕೇಳಿಸುವುದು ಇ.

ನನ್ನ ಪ್ರಶ್ನೆಗಳು: ಶ್ರುತಿ ಯಾಕೆ ಕೆಳಗಿದೆ, ಫೈಲ್ ಕೆಟ್ಟಿದೆಯಾ? ಕೊಳಲು ಕೇಳಿಸುವುದು ವಾದ್ಯದಿಂದಲೋ ಅಥವಾ ಮೈಕ್ ಇಟ್ಟ ರೀತಿಯಿಂದಲೋ? ಒಂದೇ ಸೆಟ್ ಕೊಳ್ಳುವುದಾದರೆ ಯಾವುದು?

ಹಳೆತಂತಿ

ಫೈಲ್ ಕೆಟ್ಟಿಲ್ಲ. ಶ್ರುತಿಯೇ ಹಾಗೆ. ಇವತ್ತಿನ ಆರ್ಕೆಸ್ಟ್ರಾಗಳು ಎ ಸ್ವರವನ್ನು 440 ಹರ್ಟ್ಸ್‌ಗೆ ಇಡುತ್ತವೆ. ಅದು 1939ರಲ್ಲಿ ಲಂಡನ್ನಿನಲ್ಲಿ ಸಭೆ ಸೇರಿ ಒಪ್ಪಿಕೊಂಡ ಲೆಕ್ಕ. ಬರೋಕ್ (ಅಂದ್ರೆ ಬಾಖ್ ಕಾಲದ) ವಾದ್ಯದವರು ಸಾಮಾನ್ಯವಾಗಿ 415ಕ್ಕೆ ಇಡುತ್ತಾರೆ. ಅರ್ಧ ಮನೆ ಕಡಿಮೆ. ನಿಮ್ಮ ಕಿವಿ ಸರಿಯಾಗಿದೆ.

ಬಾಖ್ ಕಾಲದಲ್ಲಿ ಎಲ್ಲರಿಗೂ ಒಂದೇ ಶ್ರುತಿ ಅನ್ನುವುದು ಇರಲಿಲ್ಲ. ಊರಿಗೊಂದು. ಒಂದೇ ಊರಿನಲ್ಲಿ ಚರ್ಚಿನ ಆರ್ಗನ್‌ಗೆ ಒಂದು, ಅರಮನೆಯ ಮೇಳಕ್ಕೆ ಇನ್ನೊಂದು. ಆರ್ಗನ್ ಶ್ರುತಿ ಎಷ್ಟೋ ಕಡೆ 440ಕ್ಕಿಂತ ಮೇಲೇ ಇತ್ತು. ಹಾಗಾಗಿ 415 ಅನ್ನುವುದು ಇಂದಿನವರು ಅನುಕೂಲಕ್ಕೆ ಮಾಡಿಕೊಂಡ ಒಪ್ಪಂದ. ಹಳೇ ಶ್ರುತಿಗಳಲ್ಲಿ ಒಂದಕ್ಕೆ ಹತ್ತಿರವಿದೆ, ಲೆಕ್ಕಕ್ಕೂ ಸುಲಭ.

ಎರಡನೇ ಪ್ರಶ್ನೆಗೆ ನನ್ನ ಉತ್ತರ: ವಾದ್ಯದಿಂದಲೇ. ಈಗಿನ ಪಿಟೀಲಿಗೆ ಉಕ್ಕಿನ ತಂತಿಯೋ ನೈಲಾನ್ ತಂತಿಯೋ ಇರುತ್ತದೆ. ಆಗ ಕುರಿಯ ಕರುಳಿನ ತಂತಿ. ಬಿಗಿತ ಕಡಿಮೆ, ಸದ್ದೂ ಕಡಿಮೆ. ಓಬೋ ಬುರುಡೆಮರದಂಥ ಗಟ್ಟಿ ಮರದ್ದು, ಎರಡೋ ಮೂರೋ ಕೀಲಿ ಅಷ್ಟೇ. ಟ್ರಂಪೆಟ್‌ಗೆ ಗುಂಡಿಗಳೇ ಇಲ್ಲ. ಎಲ್ಲರೂ ಸ್ವಲ್ಪ ಮೆದುವಾಗಿ ಮಾತಾಡಿದಾಗ ಕೊಳಲಿನವನ ಮಾತು ತಾನಾಗಿ ಕೇಳಿಸುತ್ತದೆ. ರೆಕಾರ್ಡರ್‌ಗೆ ಜೋರು ಮಾಡುವ ದಾರಿ ಇಲ್ಲ. ಜೋರಾಗಿ ಊದಿದರೆ ಶ್ರುತಿ ಮೇಲೆ ಹೋಗುತ್ತದೆ. ಅದು ಬಾಖ್‌ಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೇ ಟ್ರಂಪೆಟ್ ಪಕ್ಕದಲ್ಲಿ ನಿಲ್ಲಿಸಿದ.

ಮ್ಯೂನಿಕ್67

ಮತ್ತೆ ಶುರುವಾಯ್ತು ಕರುಳಿನ ತಂತಿಯ ಪುರಾಣ. ಕೊಳಲುಪ್ರಿಯ ಅವರೇ, ಆ ಹಳೇ ಸಿ.ಡಿ.ಯನ್ನು ಎಸೀಬೇಡಿ. ಕಾರ್ಲ್ ರಿಕ್ಟರ್ ಮ್ಯೂನಿಕ್ ಬಾಖ್ ಆರ್ಕೆಸ್ಟ್ರಾ ಜೊತೆ 1967ರಲ್ಲಿ ಮಾಡಿದ ಸೆಟ್ ಕೇಳಿದ್ದೀರಾ? ಆಧುನಿಕ ವಾದ್ಯಗಳು, 440 ಶ್ರುತಿ. ಆದರೆ ಆ ಬಲ, ಆ ನಂಬಿಕೆ ಬೇರೆ ಯಾರಲ್ಲಿದೆ? 1977ರಲ್ಲಿ ವಾಯೇಜರ್ ನೌಕೆಗಳಲ್ಲಿ ಚಿನ್ನದ ತಟ್ಟೆ ಕಳಿಸಿದರಲ್ಲ, ಅದರಲ್ಲಿ ಮೊದಲ ಸಂಗೀತ ಯಾವುದು ಗೊತ್ತಾ? ಇದೇ ಎರಡನೇ ಬ್ರಾಂಡನ್‌ಬರ್ಗ್‌ನ ಮೊದಲ ಭಾಗ, ರಿಕ್ಟರ್ ನಡೆಸಿದ್ದು. ಭೂಮಿಯ ಪರವಾಗಿ ಆಕಾಶಕ್ಕೆ ಹೋದದ್ದು 415 ಅಲ್ಲ.

ನಂಜನಗೂಡುಬಾಳೆ

ಅದೇ ತಟ್ಟೆಯಲ್ಲಿ ಕೇಸರ್‌ಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ನೆನಪಿರಲಿ.

ಹಳೆತಂತಿ

ರಿಕ್ಟರ್ ದೊಡ್ಡವರು, ಅದರಲ್ಲಿ ಜಗಳ ಇಲ್ಲ. ನಾನೂ ಅವರನ್ನು ಕೇಳಿಯೇ ಬಾಖ್‌ಗೆ ಬಂದವನು. ಆದರೆ ಪ್ರಶ್ನೆ ಕೊಳಲಿನದ್ದು. ಕೊಳಲು ಕೇಳಿಸದಿದ್ದರೆ ನಾಲ್ಕು ಜನರ ಸಂಭಾಷಣೆ ಮೂರು ಜನರದ್ದಾಗುತ್ತದೆ.

ಸೌಂಡ್‌ಚೆಕ್

ರೆಕಾರ್ಡಿಂಗ್ ಕೆಲಸದಲ್ಲಿ ಹನ್ನೆರಡು ವರ್ಷ ಇದ್ದೇನೆ, ಅದಕ್ಕೆ ಹೇಳ್ತೀನಿ. ಮೈಕ್ ಹತ್ತಿರ ಇಟ್ಟರೆ ಯಾವ ಕೊಳಲನ್ನು ಬೇಕಾದರೂ ಟ್ರಂಪೆಟ್‌ಗಿಂತ ಜೋರು ಮಾಡಬಹುದು. ಹಳೇ ವಾದ್ಯದ ಸೆಟ್‌ಗಳಲ್ಲೂ ರೆಕಾರ್ಡರ್ ಮುಂದೆ ಒಂದು ಮೈಕ್ ಇಟ್ಟಿರುವ ಸಾಧ್ಯತೆ ಜಾಸ್ತಿ. ಸುಮ್ನೆ ವಾದ್ಯಕ್ಕೇ ಎಲ್ಲ ಶ್ರೇಯ ಕೊಡಬೇಡಿ. ಮುಂದೆ ಮೈಕ್ ಇಲ್ಲದೆ ಸಭೆಯಲ್ಲಿ ಕೇಳಿದವರು ಯಾರಾದರೂ ಇದ್ದರೆ ಹೇಳಲಿ. ಅದು ಸಾಕ್ಷಿ.

ಡೆನ್‌ಹಾಗ್_ಕನ್ನಡತಿ

ನಾನು ಕೇಳಿದ್ದೇನೆ. ಒಂಬತ್ತು ವರ್ಷದಿಂದ ನೆದರ್‌ಲೆಂಡ್ಸ್‌ನಲ್ಲಿದ್ದೇನೆ. ಹಳೇ ವಾದ್ಯಗಳನ್ನು ಮತ್ತೆ ಬಳಕೆಗೆ ತಂದವರಲ್ಲಿ ಮುಖ್ಯರಾದ ಗುಸ್ತಾವ್ ಲಿಯೊನ್‌ಹಾರ್ಟ್, ಫ್ರಾನ್ಸ್ ಬ್ರುಗೆನ್ ಹುಟ್ಟಿದ ನಾಡು ಇದು. ಈ ರೀತಿಯ ಸಂಗೀತಕ್ಕೆ ಇಲ್ಲಿ ಜನ ಬರುತ್ತಾರೆ. ಒಂದು ಚಳಿಗಾಲದ ಸಂಜೆ ಚಿಕ್ಕ ಚರ್ಚೊಂದರಲ್ಲಿ ಎರಡನೇ ಕಾನ್ಸರ್ಟೊ ಇತ್ತು. ಮೈಕ್ ಇಲ್ಲ, ಸ್ಪೀಕರ್ ಇಲ್ಲ. ಒಟ್ಟು ಹತ್ತು ಹನ್ನೆರಡು ಜನ ನುಡಿಸಿದ್ದು. ನಾನು ಆರನೇ ಸಾಲಿನಲ್ಲಿದ್ದೆ.

ರೆಕಾರ್ಡರ್ ಕೇಳಿಸಿತು. ಪೂರ್ತಿ ಅಲ್ಲ. ಕೊನೆಯ ಭಾಗದಲ್ಲಿ ಎರಡು ಮೂರು ಕಡೆ ಟ್ರಂಪೆಟ್ ಒಳಗೆ ಮುಳುಗಿತು. ಆದರೆ ಮೊದಲ ಭಾಗದಲ್ಲಿ ಒಬ್ಬೊಬ್ಬರಾಗಿ ಬರುತ್ತಾರಲ್ಲ, ಅಲ್ಲಿ ಎಲ್ಲವೂ ಕೇಳಿಸಿತು. ಮೊದಲು ಪಿಟೀಲು ಒಂದೇ. ಆಮೇಲೆ ಓಬೋ ಅದೇ ಮಾತನ್ನು ಹೇಳುತ್ತದೆ, ಪಿಟೀಲು ಜೊತೆ ಕೊಡುತ್ತದೆ. ಆಮೇಲೆ ರೆಕಾರ್ಡರ್, ಓಬೋ ಜೊತೆ ಕೊಡುತ್ತದೆ. ಕಡೆಗೆ ಟ್ರಂಪೆಟ್, ರೆಕಾರ್ಡರ್ ಜೊತೆ ಕೊಡುತ್ತದೆ. ಆ ಹುಡುಗ ಟ್ರಂಪೆಟ್ಟನ್ನು ಹಾಡಿದ ಹಾಗೆ ಊದಿದ. ಅಬ್ಬರವೇ ಇಲ್ಲ. ಸೌಂಡ್‌ಚೆಕ್ ಅವರೇ, ನಿಮ್ಮ ಸಾಕ್ಷಿ ಇದು.

ಇನ್ನೊಂದು ಮಾತು. ವಿರಾಮದಲ್ಲಿ ಹಾರ್ಪ್ಸಿಕಾರ್ಡ್ (ಪಿಯಾನೊಗಿಂತ ಹಳೇ ಕೀಲಿಮಣೆ ವಾದ್ಯ) ಹತ್ತಿರ ಹೋಗಿ ನಿಂತೆ. ನುಡಿಸುವಾಕೆ ಶ್ರುತಿ ಮಾಡುತ್ತಿದ್ದರು. ಕೀಲಿ ಒತ್ತಿದರೆ ಒಳಗೆ ಒಂದು ಮರದ ಕಡ್ಡಿ ಮೇಲೇಳುತ್ತದೆ. ಅದಕ್ಕೆ ಉಗುರಿನಷ್ಟು ಚಿಕ್ಕ ಮೊನೆ ಇದೆ. ಅದು ತಂತಿಯನ್ನು ಮೀಟುತ್ತದೆ. ವೀಣೆಯ ಮೀಟೇ ಸರಿ. ಎಷ್ಟು ಬಲವಾಗಿ ಒತ್ತಿದರೂ ಸದ್ದು ಹೆಚ್ಚಾಗಲ್ಲ. ಇನ್ನೂ ಆಶ್ಚರ್ಯ ಏನಂದ್ರೆ, ಇಡೀ ಕೀಲಿಮಣೆಯನ್ನು ಪಕ್ಕಕ್ಕೆ ಜರುಗಿಸಿದರೆ 415 ಇದ್ದದ್ದು 440 ಆಗುತ್ತದೆ. ನಮ್ಮ ಸ್ಕೇಲ್ ಚೇಂಜರ್ ಹಾರ್ಮೋನಿಯಂ ಇದೆಯಲ್ಲ, ಥೇಟ್ ಅದೇ!

ಸೌಂಡ್‌ಚೆಕ್

ಒಪ್ಪಿದೆ ಅಕ್ಕ. ಎರಡು ಮೂರು ಕಡೆ ಮುಳುಗಿತು ಅಂದಿರಲ್ಲ, ಅದಕ್ಕೇ ನಂಬಿಕೆ ಬಂತು.

ತಿದ್ದುಪಡಿ

ಎಲ್ಲರೂ ಬ್ರಾಂಡನ್‌ಬರ್ಗ್ ಬ್ರಾಂಡನ್‌ಬರ್ಗ್ ಅನ್ನುತ್ತಿದ್ದೀರಿ. ಹೆಸರು ಬಾಖ್ ಇಟ್ಟದ್ದಲ್ಲ. ಅವನು ಫ್ರೆಂಚಿನಲ್ಲಿ "ಹಲವು ವಾದ್ಯಗಳ ಕಾನ್ಸರ್ಟೊಗಳು" ಅಂತಷ್ಟೇ ಬರೆದದ್ದು. 1721ರ ಮಾರ್ಚ್ 24ರ ಅರ್ಪಣೆ, ಬ್ರಾಂಡನ್‌ಬರ್ಗ್‌ನ ಮಾರ್ಗ್ರೇವ್ (ಒಂದು ರಾಜಪದವಿ) ಕ್ರಿಸ್ಟಿಯಾನ್ ಲುಡ್ವಿಗ್‌ಗೆ. ಆಗ ಬಾಖ್ ಕ್ಯೋಥೆನ್ ಊರಿನ ಆಸ್ಥಾನದಲ್ಲಿದ್ದ. ಈ ಹೆಸರು 19ನೇ ಶತಮಾನದಲ್ಲಿ ಬಾಖ್‌ನ ಜೀವನಚರಿತ್ರೆ ಬರೆದ ಫಿಲಿಪ್ ಸ್ಪಿಟ್ಟಾ ಕೊಟ್ಟದ್ದು. ಕೃತಿಗಳು ಅಚ್ಚಾದದ್ದೇ 1850ರಲ್ಲಿ.

ಇನ್ನೊಂದು ತಿದ್ದುಪಡಿ. ಹಳೆತಂತಿ ಅವರು ಬರೋಕ್ ಓಬೋ ಬಗ್ಗೆ ಬುರುಡೆಮರ ಅಂದರು. ಅದು ಬಾಕ್ಸ್‌ವುಡ್.

ಹಳೆತಂತಿ

ತಪ್ಪಾಯ್ತು, ಬಾಕ್ಸ್‌ವುಡ್ ಸರಿ. ವಂದನೆ.

ಕ್ಯೋಥೆನ್ ಮಾತು ಬಂತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1713ರಲ್ಲಿ ಪ್ರಶ್ಯದ ಹೊಸ ರಾಜ ಫ್ರೆಡ್ರಿಕ್ ವಿಲಿಯಂ ಬರ್ಲಿನ್ ಆಸ್ಥಾನದ ವಾದ್ಯಮೇಳವನ್ನು ಮುಚ್ಚಿದ. ಸೈನ್ಯಕ್ಕೆ ದುಡ್ಡು ಬೇಕಿತ್ತು. ಕೆಲಸ ಕಳೆದುಕೊಂಡ ಒಳ್ಳೊಳ್ಳೆ ವಾದಕರಲ್ಲಿ ಕೆಲವರನ್ನು ಕ್ಯೋಥೆನ್‌ನ ಚಿಕ್ಕ ಆಸ್ಥಾನ ಕರೆಸಿಕೊಂಡಿತು. 1717ರಲ್ಲಿ ಬಾಖ್ ಬಂದಾಗ ಅವನ ಕೈಗೆ ಸಿಕ್ಕಿದ್ದು ಈ ಮೇಳ. ಸುಮಾರು ಹದಿನೇಳು ಜನ. ಒಬ್ಬೊಬ್ಬರೂ ಪಳಗಿದವರು. ಪ್ರಭು ಲಿಯೊಪೋಲ್ಡ್ ತಾನೇ ವಯೋಲ ದ ಗಾಂಬ (ಕಾಲುಗಳ ನಡುವೆ ಇಟ್ಟು ಕಮಾನಿನಿಂದ ನುಡಿಸುವ ತಂತಿವಾದ್ಯ) ನುಡಿಸುತ್ತಿದ್ದ.

ಹಾಗಾಗಿ ದೊಡ್ಡ ಸಭಾಂಗಣದಲ್ಲಿ ಅರವತ್ತು ಜನ ಕೂತು ನುಡಿಸುವ ಸಂಗೀತ ಅಲ್ಲ ಇದು. ಒಂದು ಕೋಣೆ, ಒಂದೊಂದು ಸಾಲಿಗೆ ಒಬ್ಬೊಬ್ಬರು. ವಾದ್ಯದಷ್ಟೇ ಈ ಸಂಖ್ಯೆಯೂ ಮುಖ್ಯ.

ಪಿಟೀಲು_ಮೇಷ್ಟ್ರು

ಮೈಸೂರಿನಲ್ಲಿ ಮೂವತ್ತು ವರ್ಷದಿಂದ ಪಿಟೀಲು ಹೇಳಿಕೊಡುತ್ತಿದ್ದೇನೆ. ಕರುಳಿನ ತಂತಿಯ ಬಗ್ಗೆ ಬರೆಯಲೇಬೇಕು ಅನ್ನಿಸಿತು. ಸಾರಂಗಿಯವರು ಇವತ್ತಿಗೂ ಅದನ್ನು ಬಿಟ್ಟಿಲ್ಲ. ಸಾರಂಗಿಯ ಆ ಗಂಟಲಿನಂಥ ನಾದ ಬರುವುದಕ್ಕೆ ಅದೂ ಒಂದು ಕಾರಣ.

ಶಿಷ್ಯನೊಬ್ಬ ಜರ್ಮನಿಯಿಂದ ಬರುವಾಗ ಎರಡು ಕರುಳಿನ ತಂತಿ ತಂದುಕೊಟ್ಟಿದ್ದ. ನನ್ನ ಹಳೇ ಪಿಟೀಲಿಗೆ ಹಾಕಿದೆ. ಆಷಾಢದ ಮಳೆ. ಬೆಳಿಗ್ಗೆ ಶ್ರುತಿ ಕೂಡಿಸಿ ಕೂತರೆ ಒಂದು ಕೃತಿ ಮುಗಿಯುವಷ್ಟರಲ್ಲಿ ಇಳಿದಿರುತ್ತಿತ್ತು. ಫ್ಯಾನ್ ಹಾಕಿದರೆ ಒಂದು ಶ್ರುತಿ, ನಿಲ್ಲಿಸಿದರೆ ಇನ್ನೊಂದು. ಹನ್ನೊಂದನೇ ದಿನ ಮೇಲಿನ ತಂತಿ ಹರಿಯಿತು. ಆದರೆ ಆ ಹನ್ನೊಂದು ದಿನ ಕೇಳಿದ ನಾದ ಇನ್ನೂ ಕಿವಿಯಲ್ಲಿದೆ. ಕಮಾನು ತಂತಿಗೆ ಅಂಟುವುದು ಬೆರಳಿಗೆ ಗೊತ್ತಾಗುತ್ತಿತ್ತು. ಪ್ರತಿ ಸ್ವರದ ಮೊದಲಿಗೆ ಕ, ತ ಅಂತ ಒಂದು ಸಣ್ಣ ವ್ಯಂಜನ. ಉಕ್ಕಿನ ತಂತಿಯಲ್ಲಿ ಬರೀ ಸ್ವರ ಕೇಳಿಸುತ್ತದೆ, ಆ ಅಕ್ಷರ ಕೇಳಿಸಲ್ಲ.

ಕಮಾನೂ ಬೇರೆ. ಬರೋಕ್ ಕಮಾನು ಹೊರಕ್ಕೆ ಬಾಗಿರುತ್ತದೆ ಇಲ್ಲವೇ ನೆಟ್ಟಗಿರುತ್ತದೆ. ಹಗುರ. ಎಳೆದಾಗ ತೂಕ, ತಳ್ಳಿದಾಗ ಹಗುರ. ಹಾಗಾಗಿ ಸಂಗೀತ ಮಾತಿನ ಹಾಗೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಸಾಗುತ್ತದೆ. ಗದ್ದ ಊರುವ ಪಟ್ಟಿಯೂ ಆಗ ಇರಲಿಲ್ಲ. ಅದು 1820ರ ಸುಮಾರಿಗೆ ಲೂಯಿ ಸ್ಪೋರ್ ತಂದದ್ದು. ಕೂತು, ಪಾದದ ಮೇಲೆ ಪಿಟೀಲಿನ ತಲೆ ಊರಿ ನುಡಿಸುವ ನಮಗೆ ಅದರ ಕೊರತೆ ಅರ್ಥವೇ ಆಗಲ್ಲ.

ಮ್ಯೂನಿಕ್67

ಮೇಷ್ಟ್ರೇ, ನಿಮ್ಮ ಅನುಭವಕ್ಕೆ ನಮಸ್ಕಾರ. ಆದರೆ ಹರಿಯುವ ತಂತಿ, ಇಳಿಯುವ ಶ್ರುತಿ, ಇದನ್ನೆಲ್ಲ ದಾಟಿಯೇ ವಾದ್ಯಗಳು ಸುಧಾರಿಸಿದ್ದು ಅಲ್ವಾ? ಹಿಂದಕ್ಕೆ ಹೋಗುವುದು ಯಾಕೆ? ಈ ಶುದ್ಧತೆಯ ಮಾತಿನಲ್ಲಿ ಒಂದು ದೊಡ್ಡ ಬಿರುಕಿದೆ. ಅವರ "ಬರೋಕ್ ಟ್ರಂಪೆಟ್" ನೋಡಿ. ಕೊಳವೆಯಲ್ಲಿ ಬೆರಳು ಇಡುವ ತೂತುಗಳಿವೆ. ಬಾಖ್ ಕಾಲದಲ್ಲಿ ಆ ತೂತು ಇರಲಿಲ್ಲ! 1960ರ ಆಸುಪಾಸಿನಲ್ಲಿ ಜರ್ಮನಿಯಲ್ಲಿ ಕೊರೆದದ್ದು. ಇದನ್ನು "ಆ ಕಾಲದ ವಾದ್ಯ" ಅನ್ನುವುದು ಹೇಗೆ?

ಹಳೆತಂತಿ

ಇದು ಸರಿಯಾದ ಏಟು. ಒಪ್ಪುತ್ತೇನೆ. ಗೊತ್ತಿಲ್ಲದವರಿಗೆ ವಿವರ ಹೇಳುತ್ತೇನೆ.

ಹಳೇ ಟ್ರಂಪೆಟ್ ಅಂದ್ರೆ ಸುಮಾರು ಏಳೆಂಟು ಅಡಿ ಉದ್ದದ ಹಿತ್ತಾಳೆ ಕೊಳವೆ, ಮಡಚಿದ್ದು. ಗುಂಡಿ ಇಲ್ಲ, ತೂತೂ ಇಲ್ಲ. ತುಟಿ ಬಿಗಿ ಮಾಡಿ, ಸಡಿಲ ಮಾಡಿ ಸ್ವರ ತರಬೇಕು. ನಮ್ಮ ಕಹಳೆ, ಕೊಂಬು ಹೇಗೋ ಹಾಗೆ. ಪ್ರಕೃತಿ ಕೊಟ್ಟ ಸ್ವರಗಳಷ್ಟೇ ಬರುತ್ತವೆ. ಅದರಲ್ಲಿ ಹನ್ನೊಂದನೆಯದು, ಹದಿಮೂರನೆಯದು ಅಪಶ್ರುತಿ. ತುಟಿಯಲ್ಲೇ ಅದನ್ನು ಎಳೆದು ಸರಿ ಮಾಡಬೇಕು. ಅದಕ್ಕೆ ಹತ್ತಾರು ವರ್ಷದ ಸಾಧನೆ ಬೇಕು. ಆ ಪರಂಪರೆ ನಡುವೆ ಕಡಿದುಹೋಗಿತ್ತು. ಹೇಳಿಕೊಡುವವರು ಯಾರೂ ಇರಲಿಲ್ಲ. ಅದಕ್ಕೇ ತೂತು ಕೊರೆದರು.

ಆದರೆ ಕಥೆ ಅಲ್ಲಿಗೆ ನಿಲ್ಲಲ್ಲ. ಬೆಲ್ಜಿಯಂನ ಸಿಗಿಸ್ವಾಲ್ಡ್ ಕೌಕೆನ್ ತಮ್ಮ ಲಾ ಪೆತೀತ್ ಬಾಂದ್ ಮೇಳದ ಜೊತೆ 1990ರ ದಶಕದಲ್ಲಿ ಈ ಕಾನ್ಸರ್ಟೊಗಳನ್ನು ಮುದ್ರಿಸಿದರು. ಎರಡನೆಯದರಲ್ಲಿ ಟ್ರಂಪೆಟ್ಟೇ ಇಲ್ಲ! ಆ ಭಾಗವನ್ನು ಹಾರ್ನ್‌ನಲ್ಲಿ (ಸುರುಳಿ ಸುತ್ತಿದ ಹಿತ್ತಾಳೆ ಕೊಂಬು) ನುಡಿಸಿದರು. ತೂತಿನ ಟ್ರಂಪೆಟ್‌ಗಿಂತ ಅದೇ ಸರಿ ಅನ್ನಿಸಿತು ಅವರಿಗೆ. ಆಮೇಲೆ ಎರಡನೇ ಸಲ ಮುದ್ರಿಸಿದಾಗ ಜಾನ್ ಫ್ರಾಂಸ್ವಾ ಮದಫ್ ಬಂದರು. ತೂತೇ ಇಲ್ಲದ ಟ್ರಂಪೆಟ್. ಪೂರ್ತಿ ಭಾಗ ತುಟಿಯಿಂದಲೇ. ಮ್ಯೂನಿಕ್67 ಅವರೇ, ನಿಮ್ಮ ಆಕ್ಷೇಪವನ್ನು ಅವರು ನಿಮಗಿಂತ ಮೊದಲೇ ತಮಗೆ ತಾವೇ ಎತ್ತಿಕೊಂಡಿದ್ದರು. ಉತ್ತರವನ್ನು ಊದಿ ತೋರಿಸಿದರು.

ಮ್ಯೂನಿಕ್67

ಮದಫ್ ರೆಕಾರ್ಡಿಂಗ್ ಈಗಲೇ ಕೇಳಿದೆ. ಎರಡು ಸಲ. ಕೆಲವು ಸ್ವರ ವಕ್ರವಾಗಿವೆ. ಆದರೆ ಮನುಷ್ಯನ ಕಂಠದ ಹಾಗಿದೆ. ಇಷ್ಟು ಮಾತ್ರ ಒಪ್ಪುತ್ತೇನೆ. ಉಳಿದದ್ದಕ್ಕೆ ರಿಕ್ಟರೇ.

ಹೊಸಕೇಳುಗ

ಸಾರ್, ಒಂದೇ ಹೆಸರು ಹೇಳಿ. ಯಾವುದು ಮೊದಲು ಕೇಳಲಿ?

ತಿದ್ದುಪಡಿ

ಟ್ರೆವರ್ ಪಿನ್ನಕ್, ಇಂಗ್ಲಿಷ್ ಕಾನ್ಸರ್ಟ್, 1982.

ಗಾಂಬ

ಲಿಯೊನ್‌ಹಾರ್ಟ್, 1976–77. ಬೇರೆ ಮಾತೇ ಇಲ್ಲ.

ಓಡುಕುದುರೆ

ಇಬ್ಬರೂ ಅಜ್ಜಂದಿರ ಹೆಸರು ಹೇಳ್ತಿದ್ದೀರಿ. ರೈನ್‌ಹಾರ್ಡ್ ಗ್ಯೋಬೆಲ್ ಮತ್ತು ಮ್ಯೂಸಿಕಾ ಆಂಟಿಕ್ವಾ ಕ್ಯೋಲ್ನ್, 1980ರ ದಶಕದ ಕೊನೆ. ಮೂರನೇ ಕಾನ್ಸರ್ಟೊದ ಕೊನೆಯ ಭಾಗ ಕೇಳಿ. ಮೂರನೇ ಕಾಲದ ಸ್ವರಪ್ರಸ್ತಾರ ಅದು. ಮೈ ಝುಂ ಅನ್ನುತ್ತದೆ.

ಗಾಂಬ

ಮೂರನೆಯದು ಸರಿ. ಆದರೆ ಆರನೆಯದನ್ನು ಗ್ಯೋಬೆಲ್ ಏನು ಮಾಡಿದ್ದಾರೆ ನೋಡಿ. ಅದರಲ್ಲಿ ಪಿಟೀಲೇ ಇಲ್ಲ. ಎರಡು ವಯೋಲ (ಪಿಟೀಲಿಗಿಂತ ಸ್ವಲ್ಪ ದೊಡ್ಡದು, ಶ್ರುತಿ ಕೆಳಗೆ), ಎರಡು ಗಾಂಬ, ಒಂದು ಚೆಲ್ಲೊ, ತಳದಲ್ಲಿ ವಿಯೊಲೋನೆ ಅನ್ನುವ ದೊಡ್ಡ ತಂತಿವಾದ್ಯ ಮತ್ತು ಹಾರ್ಪ್ಸಿಕಾರ್ಡ್. ಎಲ್ಲ ಕಂದು ಬಣ್ಣದ ನಾದ, ಕಾಫಿ ಡಿಕಾಕ್ಷನ್ ಹಾಗೆ. ಎರಡು ವಯೋಲ ಅರ್ಧ ಮಾತ್ರೆ ಅಂತರದಲ್ಲಿ ಒಂದರ ಹಿಂದೆ ಒಂದು ನಡೆಯುತ್ತವೆ. ಅಷ್ಟು ವೇಗದಲ್ಲಿ ಓಡಿದರೆ ಆ ಅಂತರ ಕಿವಿಗೆ ಸಿಗಲ್ಲ. ಲಿಯೊನ್‌ಹಾರ್ಟ್ ಸೆಟ್‌ನಲ್ಲಿ ಇಬ್ಬರ ಹೆಜ್ಜೆಯೂ ಬೇರೆ ಬೇರೆ ಕೇಳಿಸುತ್ತದೆ. ಬಾಖ್‌ಗೆ ವಯೋಲ ನುಡಿಸುವುದು ಇಷ್ಟ ಅಂತ ಅವನ ಮಗನೇ ಹೇಳಿದ್ದಾನೆ. ಮೇಳದ ನಡುವೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುವವನ ಸಂಗೀತ ಇದು. ಅವಸರ ಯಾಕೆ?

ಓಡುಕುದುರೆ

ಅವಸರ ಅಲ್ಲ ಅಣ್ಣ, ಕುಣಿತ. ನನಗೆ ಆ ವೇಗದಲ್ಲೇ ಎರಡು ವಯೋಲ ಒಂದನ್ನೊಂದು ಅಟ್ಟಿಸಿಕೊಂಡು ಹೋಗುವುದು ಕಾಣಿಸುತ್ತದೆ.

ತಿದ್ದುಪಡಿ

ಪಿನ್ನಕ್ ಯಾಕೆ ಅಂತ ಹೇಳುತ್ತೇನೆ. ಹೊಸಬರಿಗೆ ಅದು ಒಳ್ಳೆ ಬಾಗಿಲು. ವೇಗ ಅತಿ ಇಲ್ಲ, ನಿಧಾನವೂ ಇಲ್ಲ. ಹಾರ್ಪ್ಸಿಕಾರ್ಡ್ ಅವರೇ ನುಡಿಸಿದ್ದಾರೆ. ಇಪ್ಪತ್ತೈದು ವರ್ಷ ಆದ ಮೇಲೆ, ತಮ್ಮ ಅರವತ್ತರ ಸಂಭ್ರಮಕ್ಕೆ ಯುರೋಪಿನ ಬೇರೆ ಬೇರೆ ಕಡೆಯ ವಾದಕರನ್ನು ಸೇರಿಸಿ ಮತ್ತೊಮ್ಮೆ ಆರನ್ನೂ ಮುದ್ರಿಸಿದರು. ಎರಡನ್ನೂ ಕೇಳಿದರೆ ಒಬ್ಬ ಮನುಷ್ಯ ಒಂದೇ ಸಂಗೀತದ ಜೊತೆ ಹೇಗೆ ಬೆಳೆದ ಅಂತ ಗೊತ್ತಾಗುತ್ತದೆ. ಎರಡನೇ ಸೆಟ್ ಇನ್ನೂ ಸಡಿಲವಾಗಿದೆ, ಇನ್ನೂ ನಗುತ್ತದೆ.

ಡೆನ್‌ಹಾಗ್_ಕನ್ನಡತಿ

ನಿಕೊಲಾಸ್ ಹಾರ್ನೊಂಕೂರ್ ಹೆಸರು ಯಾರೂ ಹೇಳಲಿಲ್ಲ! 1964ರಲ್ಲೇ ಅವರು ಆರನ್ನೂ ಹಳೇ ವಾದ್ಯಗಳಲ್ಲಿ ಮುದ್ರಿಸಿದರು. ವಿಯೆನ್ನಾ ಸಿಂಫನಿಯಲ್ಲಿ ಚೆಲ್ಲೊ ನುಡಿಸುವ ಕೆಲಸ. ಬಿಡುವಿನಲ್ಲಿ ಹೆಂಡತಿ ಆಲಿಸ್ ಮತ್ತು ಗೆಳೆಯರ ಜೊತೆ ಹಳೇ ವಾದ್ಯ ಹುಡುಕಿ, ಕೂತು ಅಭ್ಯಾಸ. 1953ರಲ್ಲಿ ಮೇಳ ಕಟ್ಟಿದರೂ ನಾಲ್ಕು ವರ್ಷ ಸಭೆಯಲ್ಲಿ ನುಡಿಸಲಿಲ್ಲ. ಹೇಳಿಕೊಡಲು ಗುರು ಇಲ್ಲ, ಕೇಳಲು ರೆಕಾರ್ಡಿಂಗ್ ಹೆಚ್ಚು ಇಲ್ಲ. ಇವತ್ತು ಆ ಸೆಟ್ ಕೇಳಿದರೆ ಹಾರ್ನ್ ತಡವರಿಸುವುದು ಗೊತ್ತಾಗುತ್ತದೆ. ನನಗೆ ಅದು ಪ್ರೀತಿ. ದಾರಿ ಇಲ್ಲದ ಕಡೆ ನಡೆದವರ ಹೆಜ್ಜೆ ಅದು.

ಪಿಟೀಲು_ಮೇಷ್ಟ್ರು

ಒಂದು ಸಂದೇಹ. ಈ ಮೇಳಗಳು ಸ್ವರವನ್ನು ಅಲುಗಿಸುವುದೇ ಇಲ್ಲ ಅನ್ನುತ್ತಾರಲ್ಲ, ನಿಜವೇ? ವೈಬ್ರಾಟೊ ಇಲ್ಲದೆ ಬೋಳಾಗಿ ಕೇಳಿಸುತ್ತದೆ ಅಂತ ನನ್ನ ಒಬ್ಬ ಶಿಷ್ಯೆ ಹೇಳುತ್ತಾಳೆ.

ಹಳೆತಂತಿ

ಆ ಕಾಲದವರಲ್ಲೇ ಇದಕ್ಕೆ ಜಗಳ ಇತ್ತು ಮೇಷ್ಟ್ರೇ. ಇಟಲಿಯ ಪಿಟೀಲು ವಾದಕ ಜೆಮಿನಿಯಾನಿ 1751ರಲ್ಲಿ ಲಂಡನ್ನಿನಲ್ಲಿ ಪಿಟೀಲಿನ ಪಾಠದ ಪುಸ್ತಕ ತಂದ. ಸ್ವರದ ನಡುಕವನ್ನು ಆದಷ್ಟು ಹೆಚ್ಚಾಗಿ ಬಳಸಿ ಅಂತ ಅದರಲ್ಲಿದೆ. ಐದೇ ವರ್ಷಕ್ಕೆ, 1756ರಲ್ಲಿ, ಮೊಜಾರ್ಟ್‌ನ ತಂದೆ ಲಿಯೊಪೋಲ್ಡ್ ಬರೆದ ಪಾಠದಲ್ಲಿ ಇದಕ್ಕೆ ತಿರುಗಿ ಬಿದ್ದ. ಎಲ್ಲ ಸ್ವರವನ್ನೂ ನಡುಗಿಸುವವರಿಗೆ ನಡುಕದ ರೋಗ ಬಡಿದ ಹಾಗೆ ಕಾಣುತ್ತದೆ ಅಂದ. ಇವತ್ತಿನ ಬರೋಕ್ ವಾದಕರು ಹೆಚ್ಚಾಗಿ ಅದನ್ನು ಒಡವೆಯ ಹಾಗೆ ಬಳಸುತ್ತಾರೆ. ಬೇಕಾದ ಸ್ವರಕ್ಕೆ ಮಾತ್ರ.

ಪಿಟೀಲು_ಮೇಷ್ಟ್ರು

ಹಾಗಾದರೆ ಅದು ನಮಗೆ ಚೆನ್ನಾಗಿ ಅರ್ಥವಾಗುವ ವಿಷಯ. ಎಲ್ಲಿ ಗಮಕ, ಎಲ್ಲಿ ಸುಮ್ಮನೆ ನಿಲ್ಲಬೇಕು ಅನ್ನುವುದನ್ನೇ ಅಲ್ವಾ ನಾವು ವರ್ಷಗಟ್ಟಲೆ ಹೇಳಿಕೊಡುವುದು. ಶಿಷ್ಯೆಗೆ ಇವತ್ತೇ ಹೇಳುತ್ತೇನೆ.

ನಂಜನಗೂಡುಬಾಳೆ

ಸ್ವಲ್ಪ ವಿಷಯಾಂತರ. ಮೈಸೂರಿನ ಮಾತು ಬಂತು ಅಂತ. ಜಯಚಾಮರಾಜ ಒಡೆಯರ್ ಅವರು ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ರಷ್ಯದ ಮೆಟ್ನರ್‌ನ ಕೃತಿಗಳ ರೆಕಾರ್ಡಿಂಗ್‌ಗೆ ದುಡ್ಡು ಕೊಟ್ಟವರೂ ಅವರೇ. ಅದೇ ಫಿಲ್‌ಹಾರ್ಮೋನಿಯಾ 1960ರಲ್ಲಿ ಕ್ಲೆಂಪರರ್ ಕೈಕೆಳಗೆ ಈ ಆರೂ ಕಾನ್ಸರ್ಟೊ ಮುದ್ರಿಸಿತು. ಗಂಭೀರ, ನಿಧಾನ, ಆಧುನಿಕ ವಾದ್ಯ. ಹಾರ್ನೊಂಕೂರ್ ಸೆಟ್ ಬರುವುದಕ್ಕೆ ನಾಲ್ಕೇ ವರ್ಷ ಮೊದಲು. ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿ. ಬೇರೆ ಬೇರೆ ಶತಮಾನದ್ದು ಅನ್ನಿಸುತ್ತದೆ.

ಮ್ಯೂನಿಕ್67

ಕ್ಲೆಂಪರರ್ ಹೆಸರು ಕೇಳಿ ಖುಷಿಯಾಯ್ತು.

ಓಡುಕುದುರೆ

ವಿಷಯಾಂತರ ಆಗಿದೆ ಅಂದಮೇಲೆ ನಾನೂ ಒಂದು ಸೇರಿಸುತ್ತೇನೆ. ವಿವಾಲ್ಡಿಯ ನಾಲ್ಕು ಋತುಗಳು. 1725ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾದದ್ದು. ವಸಂತದ ನಡುವಿನ ಭಾಗದಲ್ಲಿ ಕುರಿ ಕಾಯುವವನು ಮಲಗಿದ್ದಾನೆ. ಅವನ ನಾಯಿ ಬೊಗಳುತ್ತದೆ. ಆ ಬೊಗಳು ವಯೋಲದ ಪಾಲು. ತುಂಬಾ ಜೋರಾಗಿ, ಹರಿದ ಹಾಗೆ ನುಡಿಸಿ ಅಂತ ವಿವಾಲ್ಡಿಯೇ ಬರೆದಿದ್ದಾನೆ. ಆಧುನಿಕ ಮೇಳಗಳು ಎಷ್ಟೋ ಸಲ ಅದನ್ನು ಮೆತ್ತಗೆ ನುಡಿಸಿ, ನಾಯಿಯನ್ನೇ ಮಲಗಿಸಿಬಿಟ್ಟವು. ಇಲ್ ಜಾರ್ದಿನೊ ಆರ್ಮೋನಿಕೊದವರ 1990ರ ದಶಕದ ರೆಕಾರ್ಡಿಂಗ್ ಕೇಳಿ. ಕರುಳಿನ ತಂತಿ, ನಾಯಿ ಎದ್ದು ನಿಂತಿದೆ.

ಗಾಂಬ

ಅದೇ ಮೇಳದ ಬ್ರಾಂಡನ್‌ಬರ್ಗ್ ಸೆಟ್ ಕೊಳಲುಪ್ರಿಯ ಅವರಿಗೆ ಹೇಳಬೇಕಿತ್ತು! ಅದನ್ನು ನಡೆಸುವ ಜೊವಾನ್ನಿ ಆಂತೊನಿನಿ ಸ್ವತಃ ರೆಕಾರ್ಡರ್ ವಾದಕ. ಕೊಳಲಿನವನೇ ಯಜಮಾನ ಆದ ಮನೆಯಲ್ಲಿ ಕೊಳಲನ್ನು ಯಾರೂ ಮುಳುಗಿಸಲ್ಲ.

ಹೊಸಕೇಳುಗ

ಐದನೆಯದು ಕೇಳಿದೆ. ಮೊದಲ ಭಾಗದ ಕೊನೆಯಲ್ಲಿ ಎಲ್ಲರೂ ನಿಲ್ಲಿಸಿ ಹಾರ್ಪ್ಸಿಕಾರ್ಡ್ ಒಂದೇ ತುಂಬಾ ಹೊತ್ತು ನುಡಿಸುತ್ತದೆ. ಅದು ಸರಿಯಾ?

ಹಳೆತಂತಿ

ಸರಿ! ಅದು ತನಿ ಆವರ್ತನ ಅಂದುಕೊಳ್ಳಿ. ಅಲ್ಲಿಯ ತನಕ ಮೇಳದಲ್ಲಿ ಹಾರ್ಪ್ಸಿಕಾರ್ಡ್ ಅಂದ್ರೆ ಸಾಮಾನ್ಯವಾಗಿ ಪಕ್ಕವಾದ್ಯ. ಇಲ್ಲಿ ಬಾಖ್ ಅದನ್ನು ಕೊಳಲು, ಪಿಟೀಲಿನ ಸಮಕ್ಕೆ ಕೂರಿಸಿದ. ಆಮೇಲೆ ಎಲ್ಲರನ್ನೂ ಸುಮ್ಮನಿರಿಸಿ 65 ಬಾರ್‌ನಷ್ಟು (ಬಾರ್ ಅಂದ್ರೆ ನಮ್ಮ ತಾಳದ ಆವರ್ತದ ಹಾಗೆ) ಅದೊಂದಕ್ಕೇ ಕೊಟ್ಟ. 1719ರಲ್ಲಿ ಬರ್ಲಿನ್ನಿನಿಂದ ಕ್ಯೋಥೆನ್‌ಗೆ ಹೊಸ ಹಾರ್ಪ್ಸಿಕಾರ್ಡ್ ತರಿಸಿದ ಲೆಕ್ಕ ಸಿಕ್ಕಿದೆ. ಇದನ್ನು ಆ ಹೊಸ ವಾದ್ಯಕ್ಕಾಗಿ ಬರೆದ ಅಂತ ಬಹಳ ಜನ ನಂಬುತ್ತಾರೆ.

ಕ್ರಿಸ್ಟೊಫರ್ ಹಾಗ್‌ವುಡ್ 1980ರ ದಶಕದಲ್ಲಿ ಮಾಡಿದ ಸೆಟ್‌ನಲ್ಲಿ ಮಾರ್ಗ್ರೇವ್‌ಗೆ ಕಳಿಸುವ ಮೊದಲು ಕೃತಿಗಳು ಇದ್ದ ಹಳೇ ರೂಪ ಇದೆ. ಅದರಲ್ಲಿ ಈ ತನಿ ಬಹಳ ಚಿಕ್ಕದು. ಎರಡನ್ನೂ ಕೇಳಿದರೆ ಬಾಖ್ ಮನೆಯಲ್ಲಿ ಕೂತು ತಿದ್ದಿದ್ದು ಎಷ್ಟು ಅಂತ ಗೊತ್ತಾಗುತ್ತದೆ.

ಕೊಳಲುಪ್ರಿಯ

ಎಲ್ಲರಿಗೂ ಧನ್ಯವಾದ. ಎರಡು ದಿನ ಬೇರೆ ಏನೂ ಕೇಳಲಿಲ್ಲ. ರಿಕ್ಟರ್, ಪಿನ್ನಕ್ 1982, ಆಂತೊನಿನಿ, ಕೌಕೆನ್ ಅವರ ಎರಡನೇ ಸೆಟ್. ನಾಲ್ಕರಲ್ಲೂ ಮೊದಲ ಭಾಗದ ಮೊದಲ ಒಂದು ನಿಮಿಷ ಮತ್ತೆ ಮತ್ತೆ ಕೇಳಿದೆ. ಡೆನ್‌ಹಾಗ್ ಅಕ್ಕ ಹೇಳಿದ ಹಾಗೆ ಪಿಟೀಲು, ಓಬೋ, ರೆಕಾರ್ಡರ್, ಟ್ರಂಪೆಟ್ ಅಂತ ಬೆರಳಲ್ಲಿ ಎಣಿಸಿಕೊಂಡೆ. ಟ್ರಂಪೆಟ್ ಬಂದಾಗ ರೆಕಾರ್ಡರ್ ಅದರ ಪಕ್ಕವಾದ್ಯ ಆಗುತ್ತದೆ. ಮೂರು ಸೆಟ್‌ಗಳಲ್ಲಿ ಅದು ಕೇಳಿಸಿತು. ರಿಕ್ಟರ್‌ನಲ್ಲಿ ಇದೆ ಅಂತ ಗೊತ್ತಾದ ಮೇಲೆ ಅಲ್ಲೂ ಸ್ವಲ್ಪ ಸಿಕ್ಕಿತು, ಮ್ಯೂನಿಕ್67 ಅವರೇ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ನಡುವಿನ ಭಾಗ. ಅಲ್ಲಿ ಟ್ರಂಪೆಟ್ ಪೂರ್ತಿ ಮೌನ. ರೆಕಾರ್ಡರ್, ಓಬೋ, ಪಿಟೀಲು, ಕೆಳಗೆ ಚೆಲ್ಲೊ ಮತ್ತು ಹಾರ್ಪ್ಸಿಕಾರ್ಡ್ ಅಷ್ಟೇ. ಕೌಕೆನ್ ಸೆಟ್‌ನಲ್ಲಿ ವಾದಕರು ಉಸಿರು ತೆಗೆದುಕೊಳ್ಳುವುದೂ ಕೇಳಿಸುತ್ತದೆ. ಒಂದು ಉಸಿರು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅಂತ ಕೊಳಲು ಊದಿದವನಿಗೆ ಗೊತ್ತಾಗುತ್ತದೆ. ಹನ್ನೆರಡು ವರ್ಷದ ಮೇಲೆ ನಿನ್ನೆ ರಾತ್ರಿ ನನ್ನ ಕೊಳಲನ್ನು ಚೀಲದಿಂದ ತೆಗೆದೆ. ಆ ರೆಕಾರ್ಡರ್ ಸಾಲನ್ನು ಊದಲು ನೋಡಿದೆ. ನಾಲ್ಕೇ ಸ್ವರ ಬಂತು.

ಒಂದು ಪ್ರಶ್ನೆ ಉಳಿದಿದೆ. ನಾಲ್ಕನೆಯದರಲ್ಲಿ ಎರಡು ಕೊಳಲು ಇವೆ. "ಪ್ರತಿಧ್ವನಿಯ ಕೊಳಲು" ಅಂತ ಬಾಖ್ ಬರೆದಿದ್ದಾನಂತೆ. ಅದು ಯಾವ ವಾದ್ಯ?

ತಿದ್ದುಪಡಿ

ಅದಕ್ಕೆ ಇವತ್ತಿಗೂ ಜಗಳ ನಡೆಯುತ್ತಿದೆ. ಸಾಮಾನ್ಯ ಆಲ್ಟೊ (ಮಧ್ಯಮ ಗಾತ್ರದ) ರೆಕಾರ್ಡರೇ ಅಂತ ಬಹುಪಾಲು ಜನ. ಇಲ್ಲ, ಬೇರೆಯೇ ವಾದ್ಯ ಅಂತ ಕೆಲವರು. ಬಹುತೇಕ ರೆಕಾರ್ಡಿಂಗ್‌ಗಳಲ್ಲಿ ಆಲ್ಟೊ.

ಪಿಟೀಲು_ಮೇಷ್ಟ್ರು

ಕೊಳಲುಪ್ರಿಯ, ನಾಲ್ಕು ಸ್ವರ ಬಂತಲ್ಲ, ನಾಳೆ ಐದನೆಯದು ನೋಡಪ್ಪ. ನಡುವಿನ ಭಾಗದ ಆ ಸಾಲನ್ನು ನಾನೂ ಇವತ್ತು ಪಿಟೀಲಿನಲ್ಲಿ ಹಿಡಿದೆ. ಸ್ವರ ಬರೆದು ಕಳಿಸುತ್ತೇನೆ. ನಿನ್ನ ಕೊಳಲು ಎಷ್ಟು ಮನೆ?

ಕೊಳಲುಪ್ರಿಯ

ನಾಲ್ಕೂವರೆ ಮನೆ, ಮೇಷ್ಟ್ರೇ. ಕಳಿಸಿ.